ಹೊತ್ತು ಮೀರಿದ ಪರೀಕ್ಷೆಯ ಕೊನೆಯ ಸಾಲುಗಳು

ಒಂದು ಲ್ಯಾಪ್‌ಟಾಪಿನೊಳಗೆ ಮೂರು ಊರು ಕಟ್ಟೋಣ. ಈ ತುದಿಗೆ ಕೆಂಗೇರಿ, ಆ ತುದಿಗೆ ರಾಜಾಜಿನಗರ, ನಡುವೆ ವಿಜಯನಗರ. ಕೆಂಗೇರಿಯಿಂದ ಹೊರಟ ಡೇಟಾ ವಿಜಯನಗರದ ರೌಟರ್ ದಾಟಿಯೇ ರಾಜಾಜಿನಗರ ಸೇರಬೇಕು. ವಿಜಯನಗರದಿಂದ ಮುಂದಿನ ದಾರಿ ಕಿರಿದು, ಸೆಕೆಂಡಿಗೆ 10 ಮೆಗಾಬಿಟ್ ಮಾತ್ರ. ಹೋಗಿ ಬರಲು 40 ಮಿಲಿಸೆಕೆಂಡು ಹಿಡಿಯುವಂತೆ ಬೇಕೆಂದೇ ತಡವನ್ನೂ ಸೇರಿಸಿದ್ದೇವೆ. ನಿಜವಾದ ಕೆಂಗೇರಿಗೂ ರಾಜಾಜಿನಗರಕ್ಕೂ ನಡುವೆ ಇಪ್ಪತ್ತು ಕಿಲೋಮೀಟರೂ ಇಲ್ಲ. ಫೈಬರಿನಲ್ಲಿ ಒಂದು ಕಿಲೋಮೀಟರ್ ಸಾಗಲು ಬೆಳಕಿಗೆ ಸುಮಾರು 5 ಮೈಕ್ರೋಸೆಕೆಂಡು ಬೇಕು. ಆ ಲೆಕ್ಕದಲ್ಲಿ ಹೋಗಿ ಬರುವ ಪ್ರಯಾಣ ಮಿಲಿಸೆಕೆಂಡಿನ ಐದನೇ ಒಂದು ಭಾಗದಲ್ಲಿ ಮುಗಿಯುತ್ತದೆ. ಆದರೆ ನಾವು ನೋಡಬೇಕಿರುವುದು ಜಾಲ ಸೋತಾಗ ಏನಾಗುತ್ತದೆ ಎಂಬುದನ್ನು. ಅದಕ್ಕೆ ದೂರದ, ಇಕ್ಕಟ್ಟಿನ ದಾರಿಯೇ ಒಳ್ಳೆಯದು.

ಹೀಗೆ ಕಂಪ್ಯೂಟರಿನ ಒಳಗೇ ಜಾಲ ಕಟ್ಟಿ ಪರೀಕ್ಷೆ ಮಾಡುವ ಒಂದು ಸಲಕರಣೆ ಕರ್ನಾಟಕದಲ್ಲೇ ಹುಟ್ಟಿದೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಮೋಹಿತ್ ಪಿ. ತಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳು ಬರೆದ ಅದರ ಹೆಸರು ನೆಸ್ಟ್, ಬಿಡಿಸಿ ಹೇಳಿದರೆ ನೆಟ್‌ವರ್ಕ್ ಸ್ಟ್ಯಾಕ್ ಟೆಸ್ಟರ್. 2020ರಲ್ಲಿ ಅಪ್ಲೈಡ್ ನೆಟ್‌ವರ್ಕಿಂಗ್ ರಿಸರ್ಚ್ ವರ್ಕ್‌ಶಾಪ್ ಎಂಬ ಅಂತರರಾಷ್ಟ್ರೀಯ ಸಭೆಯಲ್ಲಿ ಅವರು ಇದನ್ನು ಮಂಡಿಸಿದರು. ತಹಿಲಿಯಾನಿಯವರೂ ಅವರ ವಿದ್ಯಾರ್ಥಿಗಳೂ ಬರೆದ ಎಫ್‌ಕ್ಯೂ-ಪೈ ಎಂಬ ಸರತಿ ನಿರ್ವಹಣೆಯ ಕೋಡು ಅದೇ ವರ್ಷ ಲಿನಕ್ಸ್ 5.6ರ ಕರ್ನಲ್‌ಗೆ ಸೇರಿತು. ರೌಟರಿನಲ್ಲಿ ಪ್ಯಾಕೆಟ್ಟುಗಳು ಉದ್ದನೆಯ ಸಾಲು ನಿಂತು ಎಲ್ಲರನ್ನೂ ಕಾಯಿಸದಂತೆ ನೋಡಿಕೊಳ್ಳುವುದು ಅದರ ಕೆಲಸ. ಕಡಲ ತೀರದ ಕಾಲೇಜೊಂದರ ವಿದ್ಯಾರ್ಥಿಗಳ ಕೈಬರಹ ಇವತ್ತು ಜಗತ್ತಿನ ಲಿನಕ್ಸ್ ಕರ್ನಲ್‌ನ ಭಾಗವಾಗಿದೆ. ಇದು ನಮ್ಮಲ್ಲಿ ಇನ್ನೂ ಹೆಚ್ಚು ಜನರಿಗೆ ಗೊತ್ತಾಗಬೇಕು.

ನೆಸ್ಟ್ ಪೈಥಾನಿನಲ್ಲಿದೆ. ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲೋ ಕೆಂಗೇರಿ ಸುತ್ತಿನ ಇನ್ನಾವುದೋ ಕಾಲೇಜಿನಲ್ಲೋ ಓದುವ ಹುಡುಗಿಗೆ ರೌಟರುಗಳ ಲ್ಯಾಬಿಗಾಗಿ ಕಾಯುವ ಅಗತ್ಯ ಇಲ್ಲ. ಲಿನಕ್ಸ್ ಇರುವ ಒಂದು ಲ್ಯಾಪ್‌ಟಾಪ್ ಸಾಕು. ಲಿನಕ್ಸಿನಲ್ಲಿ ನೆಟ್‌ವರ್ಕ್ ನೇಮ್‌ಸ್ಪೇಸ್ ಎಂಬ ಸೌಲಭ್ಯವಿದೆ. ಒಂದೊಂದು ನೇಮ್‌ಸ್ಪೇಸಿಗೂ ತನ್ನದೇ ಐಪಿ ವಿಳಾಸ, ತನ್ನದೇ ರೂಟಿಂಗ್ ಪಟ್ಟಿ, ತನ್ನದೇ ಪೋರ್ಟುಗಳು. ನಮ್ಮ ಮೂರೂ ಊರು ಇಂಥ ಮೂರು ನೇಮ್‌ಸ್ಪೇಸುಗಳು. ನಡುವೆ ಮಾಯಾ ಕೇಬಲ್ಲುಗಳು. ಊರು ಕಟ್ಟಿದ ಮೇಲೆ ನೆಸ್ಟ್ ಅಳೆಯುವ ಕೆಲಸವನ್ನು ಬೇರೆ ಪ್ರೋಗ್ರಾಮುಗಳಿಗೆ ಒಪ್ಪಿಸುತ್ತದೆ. ಡೇಟಾ ಹರಿಸಲು ನೆಟ್‌ಪರ್ಫ್ ಅಥವಾ ಐಪರ್ಫ್ 3, ತಡ ಅಳೆಯಲು ಪಿಂಗ್, ಟಿಸಿಪಿ ಸಂಪರ್ಕದ ಒಳಗನ್ನು ಇಣುಕಿ ನೋಡಲು ಎಸ್‌ಎಸ್, ಸರತಿಯ ಉದ್ದ ಬರೆದಿಡಲು ಟಿಸಿ. ಒಂದು ಸಣ್ಣ ಪ್ರಯೋಗಕ್ಕೂ ಏಳೆಂಟು ಪ್ರಾಸೆಸ್‌ಗಳು ಒಟ್ಟಿಗೆ ಓಡುತ್ತವೆ. ಎಲ್ಲವೂ ಹೇಳಿದ ಹೊತ್ತಿಗೆ ಮುಗಿದರೆ ಗ್ರಾಫ್ ಬಂದು ಕೂರುತ್ತದೆ. ಮುಗಿಯದಿದ್ದರೆ ಏನು ಮಾಡಬೇಕು ಎಂಬುದೇ ಈ ಅಧ್ಯಾಯದ ವಿಷಯ.

ಐಪರ್ಫ್ 3ಕ್ಕೆ 60 ಸೆಕೆಂಡು ಓಡಲು ಹೇಳಿ. ಪರದೆಯ ಮೇಲೆ ಸೆಕೆಂಡಿಗೊಂದು ಸಾಲು ಬೀಳುತ್ತದೆ: ವೇಗ 9.5 ಮೆಗಾಬಿಟ್ಟಿನ ಆಸುಪಾಸು, ಪಕ್ಕದಲ್ಲಿ ಎಷ್ಟು ಪ್ಯಾಕೆಟ್ ಮರಳಿ ಕಳಿಸಬೇಕಾಯಿತು, ಅದರ ಪಕ್ಕದಲ್ಲಿ ಟಿಸಿಪಿ ಒಮ್ಮೆಗೆ ಎಷ್ಟು ಡೇಟಾವನ್ನು ದಾರಿಗೆ ಬಿಡುತ್ತಿದೆ ಎಂಬ ಅಂಕಿ. 25ನೇ ಸೆಕೆಂಡಿನಲ್ಲಿ ವಿಜಯನಗರದ ರೌಟರಿಗೆ ಎಲ್ಲ ಪ್ಯಾಕೆಟ್ಟನ್ನೂ ಎಸೆದುಬಿಡಲು ಟಿಸಿಯಿಂದ ಆಜ್ಞೆ ಕೊಡಿ. ಬಸವೇಶ್ವರನಗರದಲ್ಲಿ ರಸ್ತೆ ಅಗೆಯುವ ಜೆಸಿಬಿ ಫೈಬರ್ ಕತ್ತರಿಸಿದರೆ ಆಗುವುದೂ ಇಷ್ಟೇ. ಯಾರೂ ಕೆಂಗೇರಿಗೆ 'ದಾರಿ ಹೋಯಿತು' ಎಂದು ತಿಳಿಸುವುದಿಲ್ಲ. ಉತ್ತರ ಬರುವುದು ನಿಲ್ಲುತ್ತದೆ, ಅಷ್ಟೆ. ವೇಗದ ಕಾಲಮ್ಮಿನಲ್ಲಿ ಸೊನ್ನೆ ಶುರುವಾಗುತ್ತದೆ. ಮೂರನೆಯ ಕಾಲಮ್ಮಿನ ಅಂಕಿ ಒಂದೇ ಏಟಿಗೆ 1.41 ಕಿಲೋಬೈಟಿಗೆ ಕುಸಿಯುತ್ತದೆ; ಅದು ಒಂದೇ ಒಂದು ಪ್ಯಾಕೆಟ್ಟಿನ ಹೊರೆ. ಮರಳಿ ಕಳಿಸಿದ ಲೆಕ್ಕದ ಕಾಲಮ್ಮಿನಲ್ಲಿ ಮೊದಲು ಹತ್ತಿರ ಹತ್ತಿರ ಒಂದೊಂದು ಬಂದು, ಆಮೇಲೆ ನಡುವೆ ಸೊನ್ನೆಗಳು ಹೆಚ್ಚುತ್ತಾ ಹೋಗುತ್ತವೆ. ಟಿಸಿಪಿ ಪ್ರತಿ ಸೋಲಿನ ನಂತರ ಕಾಯುವ ಹೊತ್ತನ್ನು ಎರಡು ಪಟ್ಟು ಮಾಡಿಕೊಳ್ಳುವುದು ಆ ಸೊನ್ನೆಗಳಲ್ಲಿ ಕಣ್ಣಿಗೇ ಕಾಣುತ್ತದೆ.

60 ಸೆಕೆಂಡು ಕಳೆಯಿತು. ಐಪರ್ಫ್ ನಿಲ್ಲಬೇಕಲ್ಲ? ನಿಲ್ಲುವುದಿಲ್ಲ. ಕೊನೆಯಲ್ಲಿ ಅದು ರಾಜಾಜಿನಗರದ ಸರ್ವರಿನ ಜತೆ ಲೆಕ್ಕ ತಾಳೆ ನೋಡಬೇಕು, ಅದಕ್ಕೆಂದೇ ಇಟ್ಟುಕೊಂಡ ಇನ್ನೊಂದು ಟಿಸಿಪಿ ಸಂಪರ್ಕವೂ ಅದೇ ಕಡಿದ ದಾರಿಯ ಮೇಲಿದೆ. ಟಿಸಿಪಿ ಬೇಗ ಆಸೆ ಬಿಡುವ ಪೈಕಿ ಅಲ್ಲ. ಲಿನಕ್ಸಿನ ಮೂಲ ಹೊಂದಾಣಿಕೆಯಲ್ಲಿ ಅದು 15 ಸಲ ಮರುಪ್ರಯತ್ನ ಮಾಡುತ್ತದೆ. ಮೊದಲ ಕಾಯುವಿಕೆ ಕನಿಷ್ಠ 0.2 ಸೆಕೆಂಡು, ಆಮೇಲೆ 0.4, 0.8, ಹೀಗೆ ಏರುತ್ತಾ 120 ಸೆಕೆಂಡಿಗೆ ನಿಲ್ಲುತ್ತದೆ. ಎಲ್ಲ ಕೂಡಿದರೆ ಕನಿಷ್ಠ 924.6 ಸೆಕೆಂಡು. ಒಂದು ನಿಮಿಷದ ಪರೀಕ್ಷೆ ಕಾಲು ಗಂಟೆಗೂ ಹೆಚ್ಚು ಹೊತ್ತು ಕೂತಿರುತ್ತದೆ. ಟಿಸಿಪಿಯ ಈ ತಾಳ್ಮೆ ತಪ್ಪಲ್ಲ. ಹತ್ತು ನಿಮಿಷ ಕಡಿದು ಮತ್ತೆ ಬಂದ ಜಾಲದ ಮೇಲೆ ನಿಮ್ಮ ಫೈಲು ನಿಂತಲ್ಲಿಂದಲೇ ಮುಂದುವರಿಯಬಹುದಾಗಿರುವುದು ಇದರಿಂದಲೇ. ಆದರೆ ರಾತ್ರಿ ಹಚ್ಚಿಟ್ಟು ಬೆಳಗ್ಗೆ ಫಲಿತಾಂಶ ನೋಡಬೇಕಾದ ಇನ್ನೂರು ಪ್ರಯೋಗಗಳ ಸಾಲಿನಲ್ಲಿ ಇಂಥ ಹತ್ತು ಕೂತರೆ ಎರಡೂವರೆ ಗಂಟೆ ಅವುಗಳಲ್ಲೇ ಹೋಗುತ್ತದೆ. ಆದ್ದರಿಂದ ನೆಸ್ಟ್‌ನಂಥ ಪರೀಕ್ಷಾ ಚೌಕಟ್ಟು ಒಂದು ಗಡುವು ಇಡಲೇಬೇಕು: 60 ಸೆಕೆಂಡಿನ ಕೆಲಸಕ್ಕೆ, ಹೇಳೋಣ, 75 ಸೆಕೆಂಡು. ಆ ಗಡುವನ್ನೂ ಗೋಡೆ ಗಡಿಯಾರದ ಹೊತ್ತಿನಿಂದ ಎಣಿಸಬಾರದು, ಇಂಟರ್ನೆಟ್‌ನಿಂದ ಸಮಯ ಸರಿಪಡಿಸಿಕೊಂಡಾಗ ಅದು ಹಿಂದೆ ಮುಂದೆ ಜಿಗಿಯಬಹುದು. ಮುಂದಕ್ಕೆ ಮಾತ್ರ ಓಡುವ ಮೊನೊಟಾನಿಕ್ ಗಡಿಯಾರ ಪ್ರತಿ ಕಂಪ್ಯೂಟರಿನಲ್ಲೂ ಇದೆ, ಅದನ್ನೇ ಬಳಸಬೇಕು.

ಗಡುವು ಮೀರಿದ ಪ್ರಾಸೆಸ್ಸನ್ನು ನಿಲ್ಲಿಸಲು ಎಲ್ಲರ ಬೆರಳಿಗೂ ಮೊದಲು ಬರುವುದು 'ಕಿಲ್ ಮೈನಸ್ 9'. 9 ಎಂದರೆ ಸಿಗ್‌ಕಿಲ್. ಈ ಸಿಗ್ನಲ್ ಪ್ರಾಸೆಸ್ಸಿನ ಕಿವಿಗೆ ಬೀಳುವುದೇ ಇಲ್ಲ. ಕರ್ನಲ್ ಅದನ್ನು ಇದ್ದಲ್ಲೇ ಮುಗಿಸುತ್ತದೆ. ಈಗ ನಮ್ಮ ಐಪರ್ಫ್ ಏನನ್ನು ಹೊತ್ತುಕೊಂಡಿತ್ತು ನೋಡಿ. ಚೌಕಟ್ಟುಗಳು ಅದನ್ನು ಸಾಮಾನ್ಯವಾಗಿ ಜೇಸನ್ ರೂಪದಲ್ಲಿ ಫಲಿತಾಂಶ ಕೊಡುವಂತೆ ಓಡಿಸುತ್ತವೆ, ಪೈಥಾನಿಗೆ ಓದಲು ಅದೇ ಸಲೀಸು. ಆ ರೂಪದಲ್ಲಿ ಐಪರ್ಫ್ ಸೆಕೆಂಡಿಗೊಂದು ಸಾಲು ಬರೆಯುವುದಿಲ್ಲ. ಎಲ್ಲವನ್ನೂ ಮೆಮೊರಿಯಲ್ಲಿ ಕೂಡಿಟ್ಟುಕೊಂಡು ಕೊನೆಗೆ ಒಮ್ಮೆಲೇ ಸುರಿಯುತ್ತದೆ. ಸಿಗ್‌ಕಿಲ್ ಬಿದ್ದರೆ ಫೈಲು ಖಾಲಿ. 25 ಸೆಕೆಂಡಿನ ಆರೋಗ್ಯವಂತ ಜಾಲದ ಅಳತೆಯೂ ಹೋಯಿತು, ಸೊನ್ನೆಗಳ ನಡುವಿನ ಆ ಅಂತರಗಳೂ ಹೋದವು. 2024ರ 3.17ನೇ ಆವೃತ್ತಿಯಲ್ಲಿ ಆಗಿಂದಾಗ್ಗೆ ಜೇಸನ್ ಬರೆಯುವ ಆಯ್ಕೆ ಬಂತು. ಹಳೆಯದನ್ನು ಬಳಸುವವರಿಗೆ ಆ ಭಾಗ್ಯವಿಲ್ಲ.

ಇದೇ ಐಪರ್ಫಿಗೆ 15ನೇ ಸಿಗ್ನಲ್ ಸಿಗ್‌ಟರ್ಮ್ ಕಳಿಸಿ ನೋಡಿ. ಅದು ಈ ಸಿಗ್ನಲ್ಲನ್ನು ಹಿಡಿದುಕೊಳ್ಳಲು ಮೊದಲೇ ಏರ್ಪಾಟು ಮಾಡಿಕೊಂಡಿರುತ್ತದೆ. ಅಲ್ಲಿಯವರೆಗಿನ ಲೆಕ್ಕವನ್ನೆಲ್ಲ ಬರೆದು, ನಡುವೆಯೇ ನಿಲ್ಲಿಸಲಾಯಿತು ಎಂಬ ಟಿಪ್ಪಣಿ ಸೇರಿಸಿ, ಇನ್ನೊಂದು ತುದಿಯ ಸರ್ವರಿಗೂ 'ನಾನು ಹೊರಟೆ' ಎಂದು ಹೇಳಲು ಪ್ರಯತ್ನಿಸಿ, ಆಮೇಲೆ ಮುಗಿಯುತ್ತದೆ. ವಿಜಯನಗರದ ದರ್ಶಿನಿಗಳಲ್ಲಿ ರಾತ್ರಿ ಹತ್ತರ ಹೊತ್ತಿಗೆ ಶಟರ್ ಅರ್ಧ ಇಳಿಯುತ್ತದೆ. ಹೊಸಬರು ಒಳಗೆ ಬರುವುದಿಲ್ಲ, ಒಳಗಿರುವವರು ತಟ್ಟೆ ಮುಗಿಸುತ್ತಾರೆ, ಕ್ಯಾಶಿನವರು ಗಲ್ಲಾಪೆಟ್ಟಿಗೆ ಎಣಿಸಿ ಚೀಟಿ ಬರೆಯುತ್ತಾರೆ, ಆಮೇಲೆ ಪೂರ್ತಿ ಶಟರ್. ಸಿಗ್‌ಟರ್ಮ್ ಅರ್ಧ ಶಟರ್. ಅದಾದ ಮೇಲೆ ಕೆಲವು ಸೆಕೆಂಡು ಬಿಟ್ಟು, ಇನ್ನೂ ಉಳಿದಿದ್ದರೆ ಮಾತ್ರ ಸಿಗ್‌ಕಿಲ್. ಈ ನಡುವಿನ ಬಿಡುವು ಎಷ್ಟಿರಬೇಕೆಂದು ಬೇರೆ ಬೇರೆ ವ್ಯವಸ್ಥೆಗಳು ಬೇರೆ ಬೇರೆ ತೀರ್ಮಾನಿಸಿವೆ: ಡಾಕರ್ 10 ಸೆಕೆಂಡು, ಕುಬರ್ನೆಟಿಸ್ 30, ಲಿನಕ್ಸಿನ ಸಿಸ್ಟಮ್‌ಡಿ 90. ಜಾಲ ಪರೀಕ್ಷೆಗೆ ಇಷ್ಟೆಲ್ಲ ಬೇಡ. ಬರೆಯಬೇಕಿರುವುದು ಕೆಲವು ಕಿಲೋಬೈಟು. ಐದು ಸೆಕೆಂಡು ಧಾರಾಳ ಎಂಬುದು ನನ್ನ ಅಭಿಪ್ರಾಯ.

ಸಿಗ್‌ಟರ್ಮ್ ಕಳಿಸಿದ ಮಾತ್ರಕ್ಕೆ ಎಲ್ಲ ಪ್ರೋಗ್ರಾಮೂ ಮರ್ಯಾದೆಯಿಂದ ಮುಗಿಯುತ್ತದೆ ಎಂದುಕೊಳ್ಳಬಾರದು. ಬಹಳ ಪುಸ್ತಕಗಳು ಇಲ್ಲಿ ಅವಸರ ಮಾಡುತ್ತವೆ. ಪ್ರೋಗ್ರಾಮು ಬರೆದವರು ಅದನ್ನು ಹಿಡಿಯುವ ಏರ್ಪಾಟು ಮಾಡಿರದಿದ್ದರೆ ಸಿಗ್‌ಟರ್ಮ್ ಕೂಡ ಸಿಗ್‌ಕಿಲ್ಲಿನಷ್ಟೇ ಒರಟು. ಔಟ್‌ಪುಟ್ ಪರದೆಗೆ ಹೋಗುವಾಗ ಸಾಲು ಮುಗಿದ ಕೂಡಲೇ ಕಾಣಿಸುತ್ತದೆ. ಅದೇ ಫೈಲಿಗೋ ಪೈಪಿಗೋ ಹೋಗುವಾಗ ಸಿ ಭಾಷೆಯ ಲೈಬ್ರರಿ ಕೆಲವು ಸಾವಿರ ಬೈಟು ತುಂಬುವವರೆಗೆ ಬಫರಿನಲ್ಲಿ ಹಿಡಿದಿಟ್ಟಿರುತ್ತದೆ. ಪ್ರಾಸೆಸ್ ಹಠಾತ್ತನೆ ಹೋದರೆ ಬಫರಿನಲ್ಲಿದ್ದ ಕೊನೆಯ ಸಾಲುಗಳು ಅದರ ಜತೆಗೇ ಹೋಗುತ್ತವೆ. ಪರದೆಯ ಮೇಲೆ ಓಡಿಸಿದಾಗ ಸರಿಯಾಗಿ ಬರುವ ಕೊನೆಯ ಸಾಲುಗಳು ಚೌಕಟ್ಟಿನೊಳಗೆ ಓಡಿಸಿದಾಗ ಮಾತ್ರ ಕಾಣೆಯಾಗುವುದು ಹೀಗೆ. ಒಂದೊಂದು ಸಲಕರಣೆಗೂ ತನ್ನದೇ ಸ್ವಭಾವ ಬೇರೆ. ಪಿಂಗಿನ ಕೈಪಿಡಿ ಹೇಳುವುದು ಸಿಗ್‌ಇಂಟ್ ಬಂದಾಗ, ಅಂದರೆ ನಾವು ಕಂಟ್ರೋಲ್ ಮತ್ತು ಸಿ ಒತ್ತಿದಾಗ ಹೋಗುವ ಸಿಗ್ನಲ್ ಬಂದಾಗ, ಸಾರಾಂಶ ಮುದ್ರಿಸುತ್ತದೆ ಎಂದು. ಪ್ಯಾಕೆಟ್ ಹಿಡಿದಿಡುವ ಟಿಸಿಪಿಡಂಪ್ ಸಿಗ್‌ಇಂಟ್, ಸಿಗ್‌ಟರ್ಮ್ ಎರಡಕ್ಕೂ ಒಗ್ಗುತ್ತದೆ. ಸಿಗ್‌ಕಿಲ್ ಕೊಟ್ಟರೆ ಕೊನೆಯ ಪ್ಯಾಕೆಟ್ ಅರ್ಧಕ್ಕೆ ತುಂಡಾದ ಫೈಲು ಸಿಗಬಹುದು. ಆದ್ದರಿಂದ ಒಳ್ಳೆಯ ಚೌಕಟ್ಟು ಯಾರಿಗೆ ಯಾವ ಸಿಗ್ನಲ್ ಎಂಬುದನ್ನು ಸಲಕರಣೆವಾರು ಬರೆದಿಟ್ಟುಕೊಂಡಿರಬೇಕು.

ಚೌಕಟ್ಟೇ ಪೈಥಾನಿನಲ್ಲಿರುವುದರಿಂದ ಅದರದೂ ಒಂದು ಬಲಹೀನತೆ ಇದೆ. ಪೈಥಾನ್ ಪ್ರೋಗ್ರಾಮಿಗೆ ಕಂಟ್ರೋಲ್-ಸಿ ಕೊಟ್ಟರೆ ಅದು ಎಕ್ಸೆಪ್ಷನ್ ಆಗಿ ಬಂದು, ಶುಚಿ ಮಾಡುವ ಫೈನಲಿ ಭಾಗಗಳೆಲ್ಲ ಓಡುತ್ತವೆ. ಅದೇ ಪ್ರೋಗ್ರಾಮಿಗೆ ಹೊರಗಿನಿಂದ ಸಿಗ್‌ಟರ್ಮ್ ಬಂದರೆ ಫೈನಲಿಯೂ ಇಲ್ಲ, ನಿರ್ಗಮನಕ್ಕೆಂದು ನೋಂದಾಯಿಸಿದ ಆಟ್‌ಎಕ್ಸಿಟ್ ಫಂಕ್ಷನ್ನುಗಳೂ ಇಲ್ಲ. ಸಿಗ್ನಲ್ಲನ್ನು ಹಿಡಿದು ಎಕ್ಸೆಪ್ಷನ್ ಆಗಿ ಬದಲಿಸುವ ನಾಲ್ಕು ಸಾಲು ನಾವೇ ಬರೆಯಬೇಕು. ಬರೆಯದಿದ್ದರೆ ಅದು ಹುಟ್ಟಿಸಿದ ಮಗು ಪ್ರಾಸೆಸ್‌ಗಳು ಓಡುತ್ತಲೇ ಇರುತ್ತವೆ, ತಾಯಿ ಪ್ರಾಸೆಸ್ ಇರುವುದಿಲ್ಲ.

ಅನಾಥ ಪ್ರಾಸೆಸ್‌ಗಳ ತೊಂದರೆ ನೇಮ್‌ಸ್ಪೇಸಿನ ಲೋಕದಲ್ಲಿ ಇನ್ನೂ ಗಂಭೀರ. ಪ್ರಯೋಗ ಮುಗಿದ ಮೇಲೆ ಚೌಕಟ್ಟು ಕೆಂಗೇರಿ, ವಿಜಯನಗರ, ರಾಜಾಜಿನಗರ ಮೂರನ್ನೂ ಅಳಿಸುತ್ತದೆ. ಅಳಿಸುವ ಆಜ್ಞೆ ತೆಗೆಯುವುದು ಹೆಸರನ್ನು ಮಾತ್ರ. ಒಳಗೆ ಒಂದೇ ಒಂದು ಪ್ರಾಸೆಸ್ ಜೀವಂತ ಇದ್ದರೂ ಆ ನೇಮ್‌ಸ್ಪೇಸನ್ನು ಕರ್ನಲ್ ಉಳಿಸಿಕೊಳ್ಳುತ್ತದೆ. ಪಟ್ಟಿಯಲ್ಲಿ ರಾಜಾಜಿನಗರ ಇಲ್ಲ. ಆದರೆ ಅಲ್ಲಿ ಐಪರ್ಫ್ ಸರ್ವರ್ 5201ನೇ ಪೋರ್ಟಿನಲ್ಲಿ ಇನ್ನೂ ಕಾಯುತ್ತಿದೆ. ಇಂಥವು ನೂರಾದಾಗ ಮೆಮೊರಿಯೂ ಪ್ರೊಸೆಸರಿನ ಹೊತ್ತೂ ಸೋರತೊಡಗಿ, ನೂರೊಂದನೆಯ ಪ್ರಯೋಗದ ಅಂಕಿಗಳು ಕಾರಣವೇ ತಿಳಿಯದಂತೆ ಕೆಡುತ್ತವೆ. ಆದ್ದರಿಂದ ಕ್ರಮ ಮುಖ್ಯ. ಮೊದಲು ಡೇಟಾ ಕಳಿಸುವ ಕ್ಲೈಂಟ್, ಆಮೇಲೆ ಎಸ್‌ಎಸ್, ಟಿಸಿ, ಪಿಂಗ್‌ನಂಥ ವೀಕ್ಷಕರು, ಆಮೇಲೆ ಸರ್ವರುಗಳು, ನೇಮ್‌ಸ್ಪೇಸಿನೊಳಗೆ ಯಾರೂ ಉಳಿದಿಲ್ಲ ಎಂದು ಪಟ್ಟಿ ತರಿಸಿ ನೋಡಿದ ಮೇಲೆ ಹೆಸರು ಅಳಿಸುವುದು. ವೀಕ್ಷಕರನ್ನು ಮೊದಲೇ ಕಳಿಸಿಬಿಟ್ಟರೆ ಕ್ಲೈಂಟಿನ ಕೊನೆಯ ಕ್ಷಣಗಳನ್ನು ನೋಡುವವರೇ ಇರುವುದಿಲ್ಲ.

ಮಕ್ಕಳಿಗೂ ಮಕ್ಕಳಿರುತ್ತವೆ. ಸೆಕೆಂಡಿಗೆ ಹಲವು ಸಲ ಎಸ್‌ಎಸ್ ಓಡಿಸುವ ಸಣ್ಣ ಶೆಲ್ ಸ್ಕ್ರಿಪ್ಟ್ ಒಂದಿದ್ದರೆ, ಸ್ಕ್ರಿಪ್ಟಿಗೆ ಕೊಟ್ಟ ಸಿಗ್ನಲ್ ಅದು ಹುಟ್ಟಿಸಿದ ಪ್ರಾಸೆಸ್ಸಿಗೆ ತಾನಾಗಿ ತಲುಪುವುದಿಲ್ಲ. ಪ್ರತಿಯೊಂದು ಕೆಲಸವನ್ನೂ ತನ್ನದೇ ಪ್ರಾಸೆಸ್ ಗುಂಪಿನಲ್ಲಿ ಶುರು ಮಾಡಿ, ನಿಲ್ಲಿಸುವಾಗ ಇಡೀ ಗುಂಪಿಗೆ ಸಿಗ್ನಲ್ ಕೊಡುವುದು ಸರಿಯಾದ ದಾರಿ. ಗುಂಪು ಬಿಟ್ಟು ತಪ್ಪಿಸಿಕೊಳ್ಳುವವರಿಗೆ ಕೊನೆಯ ಉಪಾಯ ಸಿಗ್ರೂಪ್, ಪ್ರಾಸೆಸ್‌ಗಳನ್ನು ಒಟ್ಟಾಗಿ ಹಿಡಿದಿಡುವ ಕರ್ನಲ್ಲಿನ ಸೌಲಭ್ಯ. 2021ರ ಲಿನಕ್ಸ್ 5.14ರಿಂದ ಅದರಲ್ಲಿ ಸಿಗ್ರೂಪ್-ಡಾಟ್-ಕಿಲ್ ಎಂಬ ಫೈಲು ಇದೆ. ಅದಕ್ಕೆ 1 ಎಂದು ಬರೆದರೆ ಒಳಗಿರುವ ಎಲ್ಲವೂ ಒಮ್ಮೆಲೇ ಮುಗಿಯುತ್ತವೆ. ಅದು ಸಿಗ್‌ಕಿಲ್ಲೇ ಆದ್ದರಿಂದ ಅರ್ಧ ಶಟರಿನ ನಂತರವೇ ಬಳಸಬೇಕು.

ಕೆಲವು ಸಲ ಗಡುವು ಮೀರಲು ಜಾಲ ಕಾರಣವೇ ಆಗಿರುವುದಿಲ್ಲ. ಲಿನಕ್ಸಿನ ಪೈಪಿನಲ್ಲಿ ಸಾಮಾನ್ಯವಾಗಿ 64 ಕಿಲೋಬೈಟು ಹಿಡಿಯುತ್ತದೆ. ಮಗು ಪ್ರಾಸೆಸ್ ಅದರೊಳಕ್ಕೆ ಬರೆಯುತ್ತಿದೆ, ತಾಯಿ ಪ್ರಾಸೆಸ್ 'ನೀನು ಮುಗಿಸು, ಆಮೇಲೆ ಓದುತ್ತೇನೆ' ಎಂದು ಕಾಯುತ್ತಿದೆ. ಪೈಪು ತುಂಬಿತು. ಮಗು ಬರೆಯಲಾಗದೆ ನಿಂತಿತು, ತಾಯಿ ಓದದೆ ನಿಂತಿತು. ಗಡುವು ಮೀರಿತು. ವರದಿಯಲ್ಲಿ 'ಜಾಲ ನಿಧಾನ' ಎಂದು ದಾಖಲಾಗುತ್ತದೆ. ಜಾಲದಲ್ಲಿ ಪ್ಯಾಕೆಟ್ಟುಗಳು ಚೆನ್ನಾಗಿಯೇ ಓಡುತ್ತಿದ್ದವು. ಪೈಥಾನಿನ ಸಬ್‌ಪ್ರಾಸೆಸ್ ಲೈಬ್ರರಿಯ ಕಮ್ಯುನಿಕೇಟ್ ಎಂಬ ಫಂಕ್ಷನ್ ಓದುತ್ತಲೇ ಕಾಯುವುದರಿಂದ ಈ ಗಂಟು ಬೀಳುವುದಿಲ್ಲ. ಅದಕ್ಕೆ ಕೊಟ್ಟ ಗಡುವು ಮೀರಿದರೆ ಅದು ಮಗುವನ್ನು ಕೊಲ್ಲುವುದೂ ಇಲ್ಲ, ಮೀರಿತು ಎಂದು ತಿಳಿಸಿ ಸುಮ್ಮನಾಗುತ್ತದೆ. ಸಿಗ್‌ಟರ್ಮ್ ಕಳಿಸಿ, ಅದೇ ಫಂಕ್ಷನ್ನನ್ನು ಮತ್ತೆ ಕರೆದರೆ ಉಳಿದ ಔಟ್‌ಪುಟ್ ಕೈಗೆ ಬರುತ್ತದೆ.

ಕೊನೆಯ ನಾಲ್ಕು ಸಾಲು ಹೋದರೆ ಏನು ಮಹಾ ನಷ್ಟ, ಆ ಪ್ರಯೋಗವನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದರಾಯಿತು ಎನ್ನುವವರಿದ್ದಾರೆ. ನಾನು ಒಪ್ಪದಿರುವುದು ಇಲ್ಲೇ. ನೂರು ಸಲ ಒಂದು ಫೈಲು ಕಳಿಸಿದ್ದೇವೆ, ಎಂಟು ಸಲ ಗಡುವು ಮೀರಿತು ಎಂದಿಟ್ಟುಕೊಳ್ಳಿ. ಆ ಎಂಟು, ಯಾದೃಚ್ಛಿಕವಾಗಿ ಆರಿಸಿದ ಎಂಟಲ್ಲ. ಜಾಲ ಅತ್ಯಂತ ಕೆಟ್ಟಿದ್ದಾಗಲೇ ಗಡುವು ಮೀರುತ್ತದೆ. ಅವನ್ನು ಬಿಟ್ಟು 92ರ ಸರಾಸರಿ ತೆಗೆದರೆ ಕೆಟ್ಟ ಜಾಲಕ್ಕೆ ಒಳ್ಳೆಯ ಅಂಕ ಸಿಗುತ್ತದೆ. ಜಾಲ ಹದಗೆಟ್ಟಷ್ಟೂ ಹೆಚ್ಚು ಪ್ರಯೋಗಗಳು ಲೆಕ್ಕದಿಂದ ಹೊರಬೀಳುತ್ತವೆ. ವೈದ್ಯಕೀಯ ಸಂಖ್ಯಾಶಾಸ್ತ್ರಕ್ಕೆ ಈ ತೊಡಕು ಹಳೆಯದು. ಅಧ್ಯಯನ ಮುಗಿಯುವ ದಿನಕ್ಕೂ ಬದುಕಿರುವ ರೋಗಿಯ ಆಯುಷ್ಯ ಎಷ್ಟು ಎಂದು ಬರೆಯುವುದು? 'ಇಷ್ಟಕ್ಕಿಂತ ಹೆಚ್ಚು' ಎಂದು ಮಾತ್ರ ಗೊತ್ತು. ಅಂಥ ರೋಗಿಗಳನ್ನು ಕೈಬಿಡದೆ ಲೆಕ್ಕ ಹಾಕುವ ವಿಧಾನವನ್ನು 1958ರಲ್ಲಿ ಎಡ್ವರ್ಡ್ ಕ್ಯಾಪ್ಲನ್ ಮತ್ತು ಪಾಲ್ ಮೈಯರ್ ಪ್ರಕಟಿಸಿದರು. ನಮ್ಮ ಎಂಟು ಪ್ರಯೋಗಗಳೂ ಹಾಗೆಯೇ: ಹಿಡಿದ ಹೊತ್ತು 75 ಸೆಕೆಂಡಿಗಿಂತ ಹೆಚ್ಚು. ಸರಾಸರಿ ಹೇಳಲು ಇಷ್ಟು ಸಾಲದು. ಆದರೆ ಮಧ್ಯಾಂಕವನ್ನು ಪ್ರಾಮಾಣಿಕವಾಗಿ ಹೇಳಬಹುದು, ನೂರರಲ್ಲಿ ಅರ್ಧಕ್ಕಿಂತ ಕಡಿಮೆ ಗಡುವು ಮೀರಿರುವವರೆಗೆ.

ಹಾಗೆ ಹೇಳಲು ಪ್ರತಿ ಪ್ರಯೋಗ ಹೇಗೆ ಮುಗಿಯಿತು ಎಂಬುದು ದಾಖಲೆಯಲ್ಲಿರಬೇಕು. ಇದಕ್ಕೆ ಬೇಕಾದ್ದನ್ನು ಕರ್ನಲ್ ತಾನೇ ಕೊಡುತ್ತದೆ. ಸಿಗ್ನಲ್ಲಿನಿಂದ ಸತ್ತ ಪ್ರಾಸೆಸ್ಸಿನ ನಿರ್ಗಮನ ಸಂಖ್ಯೆ ಶೆಲ್ಲಿನಲ್ಲಿ 128ಕ್ಕೆ ಸಿಗ್ನಲ್ಲಿನ ಸಂಖ್ಯೆ ಕೂಡಿದಷ್ಟು: ಸಿಗ್‌ಟರ್ಮಿಗೆ 143, ಸಿಗ್‌ಕಿಲ್ಲಿಗೆ 137. ಪೈಥಾನಿನಲ್ಲಿ ಅವೇ ಮೈನಸ್ 15, ಮೈನಸ್ 9. ಟೈಮ್‌ಔಟ್ ಎಂಬ ಲಿನಕ್ಸ್ ಆಜ್ಞೆಯಡಿ ಓಡಿಸಿ ಗಡುವು ಮೀರಿದರೆ 124. ಗಡುವು ಮೀರಿ ಅರ್ಧ ಶಟರಿಗೆ ಮುಗಿದದ್ದು, ಪೂರ್ತಿ ಶಟರ್ ಎಳೆಯಬೇಕಾಗಿ ಬಂದದ್ದು, ಸಲಕರಣೆಯೇ ಕುಸಿದದ್ದು, ಈ ಮೂರನ್ನೂ 'ಫೇಲ್' ಎಂಬ ಒಂದೇ ಪದದಲ್ಲಿ ಸೇರಿಸುವ ಚೌಕಟ್ಟನ್ನು ನಾನು ನಂಬುವುದಿಲ್ಲ.

ನಮ್ಮ ಮೂರು ಊರಿನ ಪ್ರಯೋಗವನ್ನು ಒಂದು ಬದಲಾವಣೆಯೊಂದಿಗೆ ಮತ್ತೆ ಓಡಿಸಿ. 25ನೇ ಸೆಕೆಂಡಿನಲ್ಲಿ ಕಡಿದ ದಾರಿಯನ್ನು 42ನೇ ಸೆಕೆಂಡಿನಲ್ಲಿ ಸರಿಪಡಿಸಿ. 42ರಿಂದಲೇ ವೇಗ ಮತ್ತೆ ಏರಬೇಕು ಎನ್ನಿಸುತ್ತದೆ. ಈ ಜಾಲದಲ್ಲಿ ಟಿಸಿಪಿಯ ಮೊದಲ ಕಾಯುವಿಕೆ ಸುಮಾರು ಕಾಲು ಸೆಕೆಂಡು; ಎರಡೆರಡು ಪಟ್ಟಾಗುತ್ತಾ ಅದರ ಆರನೇ ಪ್ರಯತ್ನ ಬೀಳುವುದು 41ನೇ ಸೆಕೆಂಡಿನ ಹತ್ತಿರ. ಅದು ಸೋತಿತು. ಏಳನೆಯದು ಇನ್ನು 16 ಸೆಕೆಂಡು ಬಿಟ್ಟು. ದಾರಿ ಸರಿಯಾಗಿ ಹದಿನೈದು ಸೆಕೆಂಡಾದರೂ ಒಂದು ಬೈಟೂ ಓಡುವುದಿಲ್ಲ. 57ನೇ ಸೆಕೆಂಡಿಗೆ ಏಳನೇ ಪ್ಯಾಕೆಟ್ ದಾಟಿದ ಮೇಲೆಯೇ ಉತ್ತರ ಬಂದು ವೇಗ ಏರತೊಡಗುತ್ತದೆ. 60 ಸೆಕೆಂಡಿನ ಪರೀಕ್ಷೆಯಲ್ಲಿ ಕೊನೆಯ ಮೂರು ಸಾಲು ಮಾತ್ರ ಅದನ್ನು ತೋರಿಸುತ್ತವೆ. ನಿಜವಾದ ಜಾಲದಲ್ಲಿ ಹೀಗಾದರೆ ರಾಜಾಜಿನಗರದ ಮನೆಯಲ್ಲಿ ಕೂತವರಿಗೆ ಕಾಣುವುದು ಇಷ್ಟು: ರೌಟರಿನ ದೀಪ ಹಸಿರಾಗಿ ಆಗಲೇ ಹೊತ್ತಾಯಿತು, ಡೌನ್‌ಲೋಡ್ ಮಾತ್ರ ಇನ್ನೂ ನಿಂತೇ ಇದೆ. ದಾರಿ 42ರ ಬದಲು 40ಕ್ಕೇ ಸರಿಯಾಗಿದ್ದರೆ ಆರನೇ ಪ್ರಯತ್ನವೇ ಗೆದ್ದು, ಕಾಯುವುದು ಒಂದು ಸೆಕೆಂಡಿಗೆ ಇಳಿಯುತ್ತಿತ್ತು.